ದಣಿವಿನ ಪಾಲು

ಎಂಬಿಎ ತರಗತಿಯಲ್ಲಿ ಗುಂಪು ಕಟ್ಟುವ ದಿನ. ಒಂದೇ ಗುಂಪಿನ ಬ್ಯಾಂಡನ್ನು ಮಣಿಕಟ್ಟಿಗೆ ಕಟ್ಟಿಕೊಂಡವರಲ್ಲಿ ಯಾರೇ ದಣಿದರೂ ಆ ದಣಿವು ಎಲ್ಲರ ಮೈಗೂ ಸಮವಾಗಿ ಹಂಚಿಹೋಗುತ್ತಿತ್ತು. ಹಾಗಾಗಿ, ಮೈಮುರಿದು ದುಡಿಯುವ ವಾರಿಜಾಳನ್ನು ಯಾರೂ ಕರೆಯಲಿಲ್ಲ.

“ಹೋದ ಸಲ ನೀನು ರಿಪೋರ್ಟ್ ಬರೆದೆ, ನನ್ನ ಸೊಂಟ ಬಿದ್ದುಹೋಯ್ತು. ದೂರ ಇರು ಮಾರಾಯ್ತಿ,” ಎಂದ ಶ್ರವಣ್.

“ನೀನೂ ಎರಡು ಪುಟ ಬರೆಯಬೇಕಿತ್ತು.”

“ಅಷ್ಟೆಲ್ಲ ಬರಿ ಅಂತ ನಿಂಗೆ ಹೇಳಿದ್ದು ಯಾರು?”

ಕೊನೆಗೆ ಮೇಷ್ಟ್ರು ಅವಳನ್ನು ಅವನ ಗುಂಪಿಗೇ ಹಾಕಿದರು. ಅವನು ಹಲ್ಲು ಕಡಿಯುತ್ತ ಅವಳತ್ತ ಬ್ಯಾಂಡ್ ಎಸೆದ. “ಈ ಸಲ ಸುಮ್ಮನೆ ಬಿದ್ದಿರು.”

“ಆಯ್ತು, ಒಂದಕ್ಷರ ಬರೆಯಲ್ಲ,” ಎಂದು ಅವಳು ಅದನ್ನು ಕೈಗೆ ಕಟ್ಟಿಕೊಂಡಳು.

ಅವನು ಕೆಳಗಿನ ಅಂಗಳದ ಕ್ಯಾಂಟೀನಿಗೆ ಹೋಗಿ ಕೂತದ್ದೇ ತಡ, ವಾರಿಜಾ ದುಪಟ್ಟಾ ಸೊಂಟಕ್ಕೆ ಬಿಗಿದು ಒಂಬತ್ತು ಮಹಡಿಯ ಮೆಟ್ಟಿಲನ್ನೂ ಓಡಿ ಹತ್ತಿದಳು. ಮೇಲಿನಿಂದ ಬಗ್ಗಿ ನೋಡಿದರೆ, ಶ್ರವಣ್ ಚಹಾ ಬಿಟ್ಟು ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ.

ಅವಳು ಇಳಿದು ಬಂದು ಮತ್ತೆ ಹತ್ತಿದಳು.