ವಾಪಸ್ ಬರ್ತೀಯ ತಾನೇ?

ಹೊಸ ಹುಡುಗಿ ಹೊಲಿದ ತೋಳಿನ ತುದಿಯಲ್ಲಿ ಒಂದೆಳೆ ನೂಲು ಜೋತಾಡುತ್ತಿತ್ತು. ಹೊಲಿಗೆಮನೆಯ ಒಡತಿಗೆ ಅಂಥದ್ದು ಕಂಡರೆ ಆಗದು. ಎಡಚಿಯ ಮಿಷನ್ನಿನ ಮೇಲಿನ ಮೊಳೆಯಿಂದ, ಹಿಡಿಗೆ ನೀಲಿ ಚಿಂದಿ ಸುತ್ತಿದ್ದ ಕತ್ತರಿ ತೆಗೆದು ಕಚಕ್ಕನೆ ನೂಲು ಕತ್ತರಿಸಿದಳು. ಒಂದು ಗಳಿಗೆ ಅಲ್ಲೇ ನಿಂತು, ಕತ್ತರಿಯನ್ನು ಮತ್ತೆ ನೇತುಹಾಕಿದಳು. ಆಮೇಲೆ ಗುಂಡಿಯ ಕಾಜಾ ಹೊಲಿಯುವ, ಎಲ್ಲರೂ ಅಕ್ಕ ಎನ್ನುವವಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು.

ಎಡಚಿ ಕಂಡದ್ದು ಆ ಬಾಗಿಲು ಹಾಕಿಕೊಂಡದ್ದನ್ನು ಮಾತ್ರ. ಹೊಟ್ಟೆ ಮಿಷನ್ನಿಗೆ ತಾಗತೊಡಗಿದ ಮೇಲೆ ಅವಳನ್ನು ಮೂಲೆಯ ಮೇಜಿಗೆ ಕೂರಿಸಿ, ಸಮವಸ್ತ್ರ ಮಡಚಲು ಹಚ್ಚಿದ್ದರು. ತನ್ನ ಜಾಗದಲ್ಲಿ ಇನ್ನೊಬ್ಬಳು ಕೂತದ್ದನ್ನು ನೋಡಲಾರದೆ ಅವಳು ಮಿಷನ್ ಸಾಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

ಎಡಚಿ ಎನ್ನುವುದು ಅಕ್ಕನೇ ಇಟ್ಟ ಹೆಸರು. ಅವಳು ಉಣ್ಣುವುದು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಯಲ್ಲಿ. ಕತ್ತರಿಯೂ ಎಡಗೈಯವರಿಗೆಂದೇ ಮಾಡಿದ್ದು, ಮೊದಲ ಸಂಬಳದಲ್ಲಿ ಕೊಂಡದ್ದು. ಬೇರೆಯವರ ಕೈಗೆ ಸಿಕ್ಕರೆ ಅದು ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಅಗಿಯುತ್ತಿತ್ತು. "ನಿನ್ನಷ್ಟೇ ಹಟಮಾರಿ," ಎಂದು ಅಕ್ಕ ನಗುತ್ತಿದ್ದಳು.

ಆ ಅಕ್ಕನಿಗೇ ಹೋದ ವಾರ ಗುಟ್ಟು ಹೇಳಿದ್ದಳು. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ. ಹೆರಿಗೆಯಾದ ಮೇಲೆ ತಾನು ಇಲ್ಲಿಗೆ ಬರುವುದಿಲ್ಲ. ಅಲ್ಲಿನ ಬಾಡಿಗೆ ಮನೆಯ ಮುಂಗಡ, ಬಾಣಂತನದ ಖರ್ಚು, ಎಲ್ಲಕ್ಕೂ ನೆಚ್ಚಿಕೊಂಡದ್ದು ಹೆರಿಗೆ ರಜೆಯ ಸಂಬಳವನ್ನು. ಕೂರುವ ದಿಂಬು, ನೀರಿನ ಲೋಟ, ಕತ್ತರಿ, ನೂಲಿನ ಡಬ್ಬಿ ಎಲ್ಲ ಆಗಲೇ ಮನೆ ಸೇರಿದ್ದವು.

"ವಾಪಸ್ ಬರಲ್ಲ ಅಂದ್ರೆ ಆ ದುಡ್ಡು ಕೊಡ್ತಾರಾ ಅಕ್ಕಾ?"

"ಅದು ನೀನು ಇಷ್ಟು ದಿನ ದುಡಿದದ್ದಕ್ಕೆ ಬರೋದು ಕಣೇ, ಮುಂದೆ ಬರ್ತೀಯ ಅಂತಲ್ಲ. ಆದ್ರೆ ರಜೆಗೆ ಮೊದಲೇ ಬಿಡ್ತೀನಿ ಅಂತ ನೀನಾಗಿ ಬರೆದುಕೊಟ್ಟೆಯೋ, ಮುಗೀತು. ಬಾಯಿಗೆ ಹೊಲಿಗೆ ಹಾಕ್ಕೋ. ಹುಚ್ಚಿ, ಹೋಗೋರ ಹಾಗೆ ಎಲ್ಲಾ ಬಾಚ್ಕೊಂಡು ಹೋಗಿದೀಯಲ್ಲ. ಇರಲಿ, ಅದನ್ನ ನಾನು ನೋಡ್ಕೋತೀನಿ."

ನೋಡಿಕೊಂಡ ಚೆಂದ ಈಗ ಕಾಣುತ್ತಿತ್ತು. ಮುಚ್ಚಿದ ಬಾಗಿಲು ತೆರೆಯುವ ಹೊತ್ತಿಗೆ ಎಡಚಿ ಒಂದೇ ಅಂಗಿಯನ್ನು ಮತ್ತೆ ಮತ್ತೆ ಮಡಚುತ್ತಿದ್ದಳು. ಅಕ್ಕ ತಲೆ ತಗ್ಗಿಸಿಕೊಂಡು ಹೊರಬಂದು, ಇವಳತ್ತ ನೋಡದೆ, ಮೂಲೆಯ ಮೇಜಿನ ಪಕ್ಕದಲ್ಲೇ ಇದ್ದ ತನ್ನ ಜಾಗದಲ್ಲಿ ಕೂತು, ಕಾಜಾದ ನೂಲನ್ನು ಹಲ್ಲಿನಿಂದ ಕಡಿದಳು. ಈ ವಾರವೆಲ್ಲ ಅವಳದು ಇದೇ ವರಸೆ. ಬಾಯಲ್ಲಿ ನೂಲು ಇದ್ದವರು ಮಾತಾಡಬೇಕಾಗಿಲ್ಲವಲ್ಲ, ಅನುಕೂಲವೇ.

ಎಡಚಿಗೂ ಕರೆ ಬಂತು.

"ವಾಪಸ್ ಬರ್ತೀಯ ತಾನೇ?" ಒಡತಿ ಕೇಳಿದಳು.

"ಬರ್ತೀನಿ ಮೇಡಂ."

"ಸುಳ್ಳು ಬೇಡಮ್ಮ, ಹೊಟ್ಟೇಲಿ ಮಗು ಇದೆ. ನೀನು ಬರಲ್ಲ ಅಂತ ನಂಗೆ ಗೊತ್ತಾಗಿದೆ. ನಿನ್ನ ಪಕ್ಕದವಳನ್ನೂ ಕೂರಿಸಿ ಕೇಳಿದ್ದೀನಿ." ಒಂದು ಕಾಗದವನ್ನು ಮುಂದಕ್ಕೆ ತಳ್ಳಿದಳು. "ಕೆಲಸ ಬಿಡ್ತಿದ್ದೀನಿ ಅಂತ ಸಹಿ ಹಾಕು. ಈ ತಿಂಗಳ ಸಂಬಳ ಇವತ್ತೇ ತಗೊಂಡು ಮರ್ಯಾದೆಯಿಂದ ಹೋಗು. ಇಲ್ಲಾಂದ್ರೆ ಮೋಸ ಮಾಡೋಕೆ ಹೊರಟಿದ್ದೆ ಅಂತ ಎಲ್ಲರ ಮುಂದೆ ಹೇಳಬೇಕಾಗುತ್ತೆ."

"ನೀರು ಕುಡಿದು ಬರ್ತೀನಿ," ಎಂದು ಎಡಚಿ ಎದ್ದಳು. ದುಡ್ಡು ಹೋಗುವ ಸಂಕಟ ಒಂದು ಕಡೆ. ಅದಕ್ಕಿಂತ, ಪಕ್ಕದಲ್ಲೇ ಕೂತು ಬುತ್ತಿ ಹಂಚಿಕೊಂಡವಳು, ವಾಂತಿಯಾದಾಗ ಬೆನ್ನು ನೀವಿದವಳು ಹೀಗೆ ಮಾಡಿದಳಲ್ಲ ಎಂಬುದು ಸುಡುತ್ತಿತ್ತು.

ನೀರಿನ ಪೀಪಾಯಿಯ ಬಳಿ ಅಕ್ಕ ಕಾದು ನಿಂತಿದ್ದಳು. "ಏನೇ ಹೇಳಲಿ, ಸಹಿ ಮಾತ್ರ ಹಾಕಬೇಡ," ಎಂದು ಪಿಸುಗುಟ್ಟಿದಳು.

"ಮಗು ಚಿವುಟೋದೂ ನೀವೇ, ತೊಟ್ಟಿಲು ತೂಗೋದೂ ನೀವೇನಾ?"

ಅಕ್ಕ ಬೆಚ್ಚಿದಳು. ಎಡಚಿ ಅವಳನ್ನು 'ನೀವು' ಅಂದದ್ದು ಅದೇ ಮೊದಲು.

"ನಾನೇನೂ ಹೇಳಿಲ್ಲ ಕಣೇ."

"ಗೋಡೆ ಹೇಳ್ತು ಅನಿಸುತ್ತೆ. ಮಗು ಹುಟ್ಟಿದರೆ ನೋಡೋಕೆ ಬರಬೇಡಿ."

ಅಕ್ಕ ಬಾಯಿ ತೆರೆದು, ಹೊಸ ಹುಡುಗಿ ಕಿವಿ ನಿಮಿರಿಸಿದ್ದನ್ನು ಕಂಡು ಮುಚ್ಚಿಕೊಂಡಳು.

ಎಡಚಿ ಕೋಣೆಗೆ ಮರಳಿದಳು. ಅಕ್ಕನೇ ಸಾಕ್ಷಿಯಾಗಿ ನಿಂತರೆ ತನ್ನ ಮಾತು ನಂಬುವವರು ಯಾರು? ಅಲ್ಲದೆ, ಅವಳು ಬೇಡ ಅಂದದ್ದನ್ನೇ ಮಾಡಬೇಕೆಂಬ ರೊಚ್ಚೂ ಇತ್ತು. ಎಡಗೈಯಲ್ಲಿ ಪೆನ್ನು ಹಿಡಿದು ಸಹಿ ಹಾಕಿದಳು.

ಒಡತಿ ಕಾಗದವನ್ನು ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದಳು. ಮುಖ ಹಗುರಾಯಿತು.

"ಈಗಲಾದ್ರೂ ಹೇಳಿ ಮೇಡಂ," ಎಡಚಿ ಕೇಳಿದಳು. "ಅಕ್ಕ ಯಾವತ್ತು ಹೇಳಿದ್ದು ನಿಮಗೆ?"

"ಅವಳಾ? ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ನೀನು ಬಂದೇ ಬರ್ತೀಯ ಅಂತ ತನ್ನ ಮಕ್ಕಳ ಮೇಲೆ ಆಣೆ ಇಟ್ಟಳು." ಒಡತಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿನ್ನ ಮೊಳೆಯಲ್ಲಿದ್ದ ಕತ್ತರಿ ಇವತ್ತು ನನ್ನ ಬಲಗೈಲಿ ಬೆಣ್ಣೆ ಕತ್ತರಿಸಿದ ಹಾಗೆ ಕತ್ತರಿಸ್ತು. ನಿನ್ನ ಕತ್ತರಿ ಯಾವತ್ತಾದ್ರೂ ಹಾಗೆ ಮಾಡಿದ್ದುಂಟಾ? ಪಾಪ, ನಿನ್ನ ಮೊಳೆ ಖಾಲಿ ಕಾಣಬಾರದು ಅಂತ ತನ್ನ ಕತ್ತರಿಗೆ ನಿನ್ನದರ ಹಾಗೇ ನೀಲಿ ಚಿಂದಿ ಸುತ್ತಿ ಅಲ್ಲಿ ನೇತುಹಾಕಿ, ಅವಳು ವಾರದಿಂದ ಹಲ್ಲಲ್ಲಿ ನೂಲು ಕಡೀತಿದಾಳೆ."