ಯೋನನ ಚೀಟಿ, ಮತ್ತೀಯನ ಚೀಟಿ

2020 ಡಿಸೆಂಬರ್ 30, ಬುಧವಾರ, ಮಧ್ಯಾಹ್ನ 2 ಗಂಟೆ 40 ನಿಮಿಷ. ಬೆಳ್ತಂಗಡಿಯ ಮತ ಎಣಿಕೆ ಕೇಂದ್ರದ ನಾಲ್ಕನೇ ಮೇಜಿನಲ್ಲಿ ಮೂರನೇ ಸಲ ಎಣಿಸಿದರೂ ಲೆಕ್ಕ ಬದಲಾಗಲಿಲ್ಲ: ಫ್ಲೇವಿ ಮೊಂತೇರೊ 291, ಜಯಕರ ಅಮ್ಮನ್ನ 291. ಚುನಾವಣಾಧಿಕಾರಿ ಶೇಖರ ಇಬ್ಬರ ಹೆಸರನ್ನೂ ಚೀಟಿಗಳಲ್ಲಿ ಬರೆದು, ಮಡಚಿ, ಖಾಲಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಕುಲುಕಿದರು.

ಕಥೋಲಿಕರಾದ ಫ್ಲೇವಿಗೆ ಪಂಚಾಯತ್ ಸದಸ್ಯತ್ವ ಬೇಕಾಗಿದ್ದುದು ಒಂದೇ ಕಾರಣಕ್ಕೆ. ಅವರ ದಂಡೆಯ ಮಕ್ಕಳೆಲ್ಲ ಎರಡು ತೆಂಗಿನ ಕಾಂಡಗಳ ಮೇಲೆ ತೋಡು ದಾಟಿ ಶಾಲೆಗೆ ಹೋಗುತ್ತಿದ್ದರು. ಅಲ್ಲೊಂದು ಕಾಲುಸಂಕ, ನಡೆದು ದಾಟುವಷ್ಟು ಸಣ್ಣ ಸೇತುವೆ, ಆಗಬೇಕಿತ್ತು. ಆಚೆ ದಂಡೆಯ ಜಯಕರ ನಿವೃತ್ತ ಮೇಷ್ಟ್ರು, ಪ್ರೊಟೆಸ್ಟಂಟ್ ಸಭೆಯ ಪ್ರಸಂಗಕಾರರು. ಸಂಕವೂ ಆಗಲಿ, ಆದರೆ ಮೊದಲು ರಂಗಮಂದಿರ ಎನ್ನುವುದು ಅವರ ವಾದ.

ಶೇಖರ ಒಂದು ಚೀಟಿ ಎತ್ತಿ ಓದಿದರು. "ಜಯಕರ ಅಮ್ಮನ್ನ."

"ಕರ್ತನಿಗೆ ಸ್ತೋತ್ರ!" ಜಯಕರ ಎರಡೂ ಕೈ ಎತ್ತಿದರು. ಅದೇ ಕ್ಷಣಕ್ಕೆ ಫ್ಲೇವಿಯೂ ಶಿಲುಬೆಯ ಗುರುತು ಮಾಡಿಕೊಂಡು ನಕ್ಕರು.

"ಬಾಯಮ್ಮ, ನೀವು ಯಾಕೆ ನಗುವುದು?" ಶೇಖರ ಕೇಳಿದರು.

"ಹೆಸರು ಬಂದವರು ಹೊರಗೆ ಅಲ್ವಾ ಸರ್? ನಮ್ಮ ವೇದದಲ್ಲೇ ಉಂಟು. ಬಿರುಗಾಳಿಗೆ ಹಡಗು ಮುಳುಗುವಾಗ, ಯಾರಿಂದ ಈ ಗ್ರಹಚಾರ ಅಂತ ಚೀಟಿ ಹಾಕಿದರು. ಯೋನನ ಹೆಸರು ಬಂತು. ಎತ್ತಿ ಸಮುದ್ರಕ್ಕೆ ಬಿಸಾಡಿದರು."

"ಅದು ಹಳೆ ಒಡಂಬಡಿಕೆ ಮಾರಾಯ್ತಿ!" ಜಯಕರ ಕೈ ಇಳಿಸಿದರು. "ಹೊಸದರಲ್ಲಿ ಕರ್ತನನ್ನು ಹಿಡಿದುಕೊಟ್ಟ ಯೂದ ಸತ್ತು ಹನ್ನೆರಡು ಅಪೊಸ್ತಲರಲ್ಲಿ ಒಂದು ಸೀಟು ಖಾಲಿಯಾಯ್ತು. ಚೀಟಿ ಹಾಕಿ ಮತ್ತೀಯನನ್ನು ತೆಗೆದುಕೊಂಡರು. ಹೆಸರು ಬಂದವನೇ ಒಳಗೆ."

"ಆ ಚೀಟಿ ಅಪೊಸ್ತಲ ಪೇತ್ರನ ಅವಸರ, ದೇವರು ಆರಿಸಿದ ಹನ್ನೆರಡನೆಯವ ನಿಜವಾಗಿ ಪೌಲ ಅಂತ ಹೋದ ವರ್ಷ ಮೈಕ್ ಹಿಡಿದು ಒಂದು ಗಂಟೆ ಹೇಳಿದ್ದು ಯಾರು ಮಾಸ್ಟ್ರೇ? ನಮ್ಮ ಅಡಿಗೆ ಕೋಣೆಗೆ ಕೇಳ್ತಿತ್ತು."

"ಅದು... ಅಧ್ಯಯನಕ್ಕೆ ಹೇಳಿದ್ದು. ನಿಮ್ಮ ಇಗರ್ಜಿಯಲ್ಲಿ ಮತ್ತೀಯನಿಗೆ ಮೇ ಹದಿನಾಲ್ಕಕ್ಕೆ ಹಬ್ಬವೇ ಉಂಟಲ್ಲ? ಈಗ ಅವ ನಿಮಗೆ ಬೇಡವಾ?"

"ಹಬ್ಬಕ್ಕೆ ಬೇಕು. ಎಲೆಕ್ಷನಿಗೆ ಬೇಡ."

ಶೇಖರ ಕೈಪಿಡಿ ತೆರೆದು ಎರಡು ಪುಟ ಮಗುಚಿದರು. "ಇದರಲ್ಲಿ ಯೋನನೂ ಇಲ್ಲ, ಮತ್ತೀಯನೂ ಇಲ್ಲ. ಚೀಟಿ ಬಂದವರಿಗೆ ಒಂದು ಮತ ಹೆಚ್ಚು. 292. ಮಾಸ್ಟ್ರು ಗೆದ್ದರು. ಇಬ್ಬರೂ ಸಹಿ ಹಾಕಿ."

ಫ್ಲೇವಿ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದರು.

"ಆಗಲಿ. ಚೀಟಿಯಲ್ಲಿ ಗೆದ್ದ ಮತ್ತೀಯ ಆಮೇಲೆ ಏನು ಮಾಡಿದ ಅಂತ ವೇದದಲ್ಲಿ ಒಂದು ಸಾಲೂ ಇಲ್ಲ. ಸಮುದ್ರಕ್ಕೆ ಬಿದ್ದ ಯೋನ ಎದ್ದು ಬಂದು ಬೊಬ್ಬೆ ಹಾಕಿದ, ಇಡೀ ಪಟ್ಟಣ ಕೇಳಿತು. ನಾನು ಸೋಮವಾರ ಪಂಚಾಯತಿಗೆ ಬರ್ತೇನೆ ಮಾಸ್ಟ್ರೇ."

ಬಂದರು. ಲಾಕ್‌ಡೌನಿನ ವಾರಗಳನ್ನು ಬಿಟ್ಟು, ಎರಡು ವರ್ಷ ಐದು ತಿಂಗಳು ಪ್ರತಿ ಸೋಮವಾರ ಬಂದರು. 2023ರ ಜೂನಿನಲ್ಲಿ ಕಾಲುಸಂಕ ಆಯಿತು. ಜಯಕರ ರಿಬ್ಬನ್ ಕತ್ತರಿಸಿದರು. ಪಕ್ಕದಲ್ಲಿ ನಿಲ್ಲಿಸಿದ ಕಪ್ಪು ಕಲ್ಲಿನ ಮೇಲೆ ಅವರ ಹೆಸರನ್ನು ಕೆತ್ತಿಸಲಾಗಿತ್ತು. ಚಪ್ಪಾಳೆ ಮುಗಿದ ಮೇಲೆ ಫ್ಲೇವಿ ತಮ್ಮ ದಂಡೆಯ ಕಡೆಗೆ ನಡೆದು, ಸಂಕದ ತುದಿಯಲ್ಲಿ ನಿಂತು, ಚೀಲದಿಂದ ಅಳತೆಯ ಟೇಪು ತೆಗೆದರು.

ಸಂಕ ದಂಡೆ ಮುಟ್ಟಲು ಇನ್ನೂ ನಲವತ್ತು ಸೆಂಟಿಮೀಟರ್ ಬಾಕಿ ಇತ್ತು. ಹಿಂದೆ ಬಂದು ಹೆಸರಿನ ಕಲ್ಲನ್ನೂ ಅಳೆದರು: ಉದ್ದ ಅರವತ್ತು. ಸಾಕು.