ಗೋಣಿಚೀಲದ ಕೆಳಗಿನ ಕಾದಂಬರಿ

ಗೋಣಿಚೀಲದ ವಾಸನೆ ಬಂದರೆ ಈಗಲೂ ನನ್ನ ಕಾಲುಗಳು ಬಿಗಿಯುತ್ತವೆ.

ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಅದನ್ನು ಕಲಿಸಿದ ಅವ್ವನೇ ಆ ಮಧ್ಯಾಹ್ನ ತಾನು ಓದುತ್ತಿದ್ದ ಕಾದಂಬರಿಯನ್ನು ನೆಲಕ್ಕಿಟ್ಟು, ಮೇಲೆ ಗೋಣಿಚೀಲ ಹಾಸಿ, "ಇದರ ಮ್ಯಾಲ ಕುಂದ್ರು. ಯಾರು ಬಂದ್ರೂ ಏಳಬ್ಯಾಡ" ಅಂದಳು. ನಮ್ಮ ಮಂದಿಯ ಮರ್ಯಾದೆ ತೆಗೆದಿದೆ ಎಂದು ಓಣಿಯ ಹಿರಿಯರು ಆ ಪುಸ್ತಕವನ್ನು ಮನೆಮನೆಯಿಂದ ತಂದು ಸುಡುತ್ತಿದ್ದರು.

ನಮ್ಮ ಮನೆಗೆ ದೊಡ್ಡಪ್ಪನೇ ಇಬ್ಬರನ್ನು ಕರಕೊಂಡು ಬಂದ. ಕಪಾಟು, ಹಾಸಿಗೆ, ಅಕ್ಕಿ ಡಬ್ಬಿ ಎಲ್ಲ ತಡಕಿದರು. ಗೋಣಿಯ ನಾರು ತೊಡೆಗೆ ಚುಚ್ಚುತ್ತಿತ್ತು, ಪುಸ್ತಕದ ಮೂಲೆ ಅದಕ್ಕಿಂತ ಜೋರಾಗಿ.

"ಹಿರೇರು ಬಂದ್ರ ಎದ್ದು ನಿಲ್ಲೂದಿಲ್ಲೇನ ಈ ಹುಡುಗಿ?" ಅಂದ ದೊಡ್ಡಪ್ಪ.

"ಕಾಲು ಉಳುಕೈತ್ರಿ ಆಕೀದು," ಅಂದಳು ಅವ್ವ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರು ಹೋದರು. ಕಿಟಕಿಯಿಂದ ಸುಟ್ಟ ಕಾಗದದ ಹೊಗೆ ಬಂತು. ಏಳಲು ನೆಲಕ್ಕೆ ಕೈಯೂರಿದೆ. ಅವ್ವ ಬಾಗಿಲ ಕಡೆ ನೋಡುತ್ತಲೇ ನನ್ನ ಹೆಗಲು ಒತ್ತಿ ಹಿಡಿದಳು.

"ಕುಂದ್ರು. ನಿಮ್ಮಪ್ಪ ಬರೂ ಹೊತ್ತಾತು."